ಗಾಜು ಮತ್ತು ಸವಳು ನೀರಿನ ಕಲೆ

ಕೊಳವೆಬಾವಿಯ ಸವಳು ನೀರಿನಲ್ಲಿ ತೊಳೆದು ತೊಳೆದು, ಝರೀನಾಳ ಟ್ಯಾಕ್ಸಿಯ ಮುಂಗಾಜಿನ ಮೇಲೆ ಬಿಳಿ ಕಲೆಯೊಂದು ಗಟ್ಟಿಯಾಗಿ ಕೂತಿತ್ತು.

"ದಾರಿಯೇ ಕಾಣೋದಿಲ್ಲ. ನಾಳೆ ಈ ಗಾಜನ್ನೇ ತೆಗೆಸಿಬಿಡ್ತೀನಿ," ಎಂದಳು ಝರೀನಾ.

ಕಲೆ ಗಾಜಿನತ್ತ ನಕ್ಕಿತು. "ಕೇಳಿದೆಯಾ? ಈಗ ನಾನೇ ನೀನು. ಹೋದರೆ ಇಬ್ಬರೂ ಗುಜರಿಗೆ."

"ನೀನು ನನ್ನ ಮೇಲೆ ಕೂತಿದ್ದೀಯ, ಅಷ್ಟೇ. ನಾನಾಗಿಲ್ಲ," ಎಂದಿತು ಗಾಜು.

"ಸೋಪು ಸೋತಿತು, ಬಟ್ಟೆ ಸೋತಿತು. ಇನ್ಯಾರನ್ನು ಕರೆಯುತ್ತೀಯ?"

ಅಷ್ಟರಲ್ಲಿ ಝರೀನಾ ಶರಬತ್ತಿಗೆ ಹಿಂಡಿದ ನಿಂಬೆ ಹೋಳನ್ನು ಎಸೆಯಲು ಕೈಯೆತ್ತಿದಳು.

"ನಿಂಬೆಯಕ್ಕಾ, ನಿನ್ನಲ್ಲಿ ಏನಾದರೂ ಉಳಿದಿದೆಯೇ?" ಎಂದು ಗಾಜು ಕೂಗಿತು.

"ಹಿಂಡಿದ್ದಾರೆ ನಿಜ. ಹುಳಿ ಇನ್ನೂ ಸತ್ತಿಲ್ಲ!" ಎಂದ ಹೋಳು ಅವಳ ಬೆರಳಿನಿಂದ ಜಾರಿ ಕಲೆಯ ಮೇಲೆಯೇ ಬಿತ್ತು.

ಸ್ವಲ್ಪ ಹೊತ್ತಿನಲ್ಲಿ ಬಿದ್ದ ಜಾಗ ತಿಳಿಯಾಯಿತು. ಝರೀನಾ ಕಣ್ಣರಳಿಸಿದಳು. ಹೋಳನ್ನು ಎತ್ತಿಕೊಂಡು ಗಾಜಿಡೀ ಉಜ್ಜಿ, ಒರೆಸಿದಳು. "ಅಯ್ಯೋ, ಒಳ್ಳೆ ಗಾಜನ್ನೇ ಬಿಸಾಡ್ತಿದ್ದೆನಲ್ಲ!" ಎಂದಳು.

ಕರಗುತ್ತಲೇ ಕಲೆ ಗುಡುಗಿತು: "ಮತ್ತೆ ಇದೇ ನೀರು ಬರುತ್ತದೆ. ನಾನೂ ಬರುತ್ತೇನೆ!"

"ಬಾ," ಎಂದಿತು ಗಾಜು, "ಆಗಲೂ ನಾನು ಗಾಜೇ."