ಕಲ್ಲಿನ ಬೆನ್ನ ಮೇಲಿನ ಗಂಜಿ

ಹಳೇ ಕಾಲದ ಚೀನಾದಲ್ಲಿ ಫೆಂಗ್ ಅಂತ ಒಬ್ಬರು ಗುರು ಇದ್ರು. ಅವರಿಗೆ ಬರದೇ ಇರೋ ವಿದ್ಯೆ ಹುಡುಕೋದೇ ಕಷ್ಟ. ಗ್ರಹಣ ಯಾವಾಗ ಅಂತ ಹೇಳೋರು, ನೀರಿನ ಗಡಿಯಾರ ಮಾಡೋರು, ನ್ಯಾಯ ತೀರಿಸೋರು, ನಾಡಿ ಹಿಡಿಯೋರು. ಒಂದೇ ತಲೆಗೆ ಇಷ್ಟೆಲ್ಲ ತುಂಬಿದ್ದಕ್ಕೋ ಏನೋ, ಅದರ ಮೇಲೆ ಕೂದಲಿಗೆ ಜಾಗ ಉಳಿದಿರ್ಲಿಲ್ಲ.

ಗುರುಗಳು ಹಾಸಿಗೆ ಹಿಡಿದಾಗ ಶಿಷ್ಯ ಬೋಯಾನ್‌ಗೆ ಒಂದೇ ಚಿಂತೆ. ಇವರ ಜೊತೆ ಇವರ ಹೆಸರೂ ಹೋಗ್ಬಿಟ್ರೆ? ದಾರಿ ಪಕ್ಕ ಆನೆಯೆತ್ತರದ ಕಲ್ಲು ನಿಲ್ಲಿಸಿ, ಅವರ ಬಿರುದುಗಳನ್ನೆಲ್ಲ ತಾನೇ ಕೂತು ಕೆತ್ತಿದ. ಅಂಗೈಯೆಲ್ಲ ಬೊಬ್ಬೆ. ಓಡಿ ಬಂದು ಗುರುಗಳಿಗೆ ಹೇಳಿದ.

"ಹಿಂದುಗಡೆ ಏನಿದೆ?" ಅಂದ್ರು ಗುರುಗಳು.

"ಖಾಲಿ."

"ಹಾಗಾದ್ರೆ ಅಲ್ಲಿ ಗಂಜಿ ಮಾಡೋದು ಹೇಗೆ ಅಂತ ಕೆತ್ತು. ಭೇದಿ ಹತ್ತಿದ ಮಕ್ಕಳಿಗೆ ಕೊಡ್ತೀವಲ್ಲ, ಅದು. ಅಕ್ಕಿ, ಉಪ್ಪು, ಶುಂಠಿ. ನೀರು ಕುದಿಸಬೇಕು ಅನ್ನೋದು ಮರೀಬೇಡ."

ಬೋಯಾನ್ ಮುಖ ಹುಳ್ಳಗಾಯ್ತು. "ಚಕ್ರವರ್ತಿಗೇ ಪಂಚಾಂಗ ಬರೆದುಕೊಟ್ಟೋರು ನೀವು. ನಿಮ್ಮ ಕಲ್ಲಿನ ಮೇಲೆ ಅಡುಗೆಮನೆ ವಿಷಯನಾ ಗುರುಗಳೇ? ಜನ ನಗ್ತಾರೆ."

"ನಗಲಿ ಬಿಡು. ನಗೋಕಾದ್ರೂ ಬದುಕಿರ್ತಾರಲ್ಲ."

ಅದೇ ಅವರ ಕೊನೇ ಮಾತಾಯ್ತು. ಬೋಯಾನ್ ಕೆತ್ತಿದ, ಆದ್ರೆ ಯಾರಿಗೂ ಕಾಣದ ಹಾಗೆ, ಕಲ್ಲಿನ ಹಿಂದೆ ಪೊದೆ ಇರೋ ಕಡೆ. ಕೆಳಗೆ ಮೂಲೆಯಲ್ಲಿ ಚಿಕ್ಕದಾಗಿ "ಫೆಂಗ್ ಗುರು ಹೇಳಿದ್ದು" ಅಂತ ಸೇರಿಸಿದ.

ಆ ಮಳೆಗಾಲ ನದಿ ಉಕ್ಕಿತು. ಅದರ ಹಿಂದೇನೇ ಊರೂರಿಗೆ ಭೇದಿ ಹಬ್ಬಿತು. ದಾರಿಹೋಕರು ಬಿರುದು ನೋಡಿ "ದೊಡ್ಡ ಮನುಷ್ಯ" ಅಂತ ಮುಂದೆ ಹೋಗ್ತಿದ್ರು, ಅಷ್ಟೇ. ಈ ಬಿರುದುಗಳನ್ನ ಅರಮನೆಗಾದ್ರೂ ಕಳಿಸೋಣ ಅಂತ ಬೋಯಾನ್ ಕಲ್ಲಿನ ಹತ್ರ ಕಾಗದ, ಮಸಿ ತಂದ. ಒದ್ದೆ ಕಾಗದವನ್ನ ಕೆತ್ತನೆಗೆ ಅಂಟಿಸಿ ಮೇಲೆ ಮಸಿ ತಟ್ಟಿದ್ರೆ, ಅಕ್ಷರ ಬೆಳ್ಳಗೆ ಮೂಡುತ್ತೆ. ಕಲ್ಲಿನ ಮಾತನ್ನ ಮನೆಗೆ ಒಯ್ಯೋ ಪದ್ಧತಿ ಅದು.

ಅಷ್ಟರಲ್ಲಿ ಗಾಡಿಯವನೊಬ್ಬ ಉಚ್ಚೆ ಹೊಯ್ಯೋಕೆ ಅಂತ ಕಲ್ಲಿನ ಹಿಂದೆ ಹೋದ. ಬೋಯಾನ್ ಬೈಯೋಕೆ ಅಂತ ಹಿಂದೇನೇ ನುಗ್ಗಿದ. ನೋಡಿದ್ರೆ ಆಸಾಮಿ ಬಂದ ಕೆಲಸ ಮರೆತು, ಸಾಲಿನ ಮೇಲೆ ಬೆರಳಿಟ್ಟು ಓದ್ತಿದ್ದಾನೆ.

"ಮನೇಲಿ ಮಗಳು ಮಲಗಿಬಿಟ್ಟಿದ್ದಾಳೆ ಸ್ವಾಮಿ. ಇಷ್ಟೆಲ್ಲ ನನ್ನ ತಲೇಲಿ ನಿಲ್ಲಲ್ಲ. ಆ ಕಾಗದ ಕೊಡ್ತೀರಾ?"

ಬೋಯಾನ್ ಹತ್ರ ಇದ್ದಿದ್ದು ಅದೊಂದೇ ಹಾಳೆ. ಕಲ್ಲಿನ ಮುಂದುಗಡೆಗೆ ಬಗ್ಗಿ ಬಿರುದು ನೋಡಿದ. ಗಾಡಿಯವನ ಮುಖ ನೋಡಿದ. ಹಾಳೇನ ಹಿಂದುಗಡೆಗೆ ಅಂಟಿಸಿದ.

ಮಗು ಬದುಕ್ತು. ಆಮೇಲೆ ಊರೂರಿಂದ ಜನ ಕಾಗದ ಹಿಡಿದು ಬಂದ್ರು. ಕಲ್ಲಿನ ಬೆನ್ನು ಮಸಿ ತಾಗಿ ತಾಗಿ ಕಪ್ಪಾಯ್ತು. ಮುಂದುಗಡೆ ಪಾಚಿ ಹಾಯಾಗಿ ಬೆಳೀತು.

ಎಷ್ಟೋ ವರ್ಷ ಆದ್ಮೇಲೆ, ಮುದುಕ ಬೋಯಾನ್ ಯಾವುದೋ ದೂರದ ಸೀಮೆಯ ಛತ್ರದಲ್ಲಿ ಹೊಟ್ಟೆ ಕೆಟ್ಟು ಮಲಗಿದ್ದ. ಛತ್ರದ ಹೆಂಗಸು ಬಟ್ಟಲು ತಂದಿಟ್ಟಳು.

"ಫೆಂಗ್ ಗುರು ಗಂಜಿ, ತಾತ. ಮುಖ ಸಿಂಡರಿಸದೆ ಕುಡಿ."

"ಯಾರಮ್ಮ ಈ ಫೆಂಗ್ ಗುರು?"

"ಯಾರಿಗ್ಗೊತ್ತು. ನನ್ನ ಮಗನ್ನ ಉಳಿಸಿಕೊಟ್ಟೋರು."

ಗ್ರಹಣ, ಪಂಚಾಂಗ ಎಲ್ಲ ಹೇಳೋಣ ಅಂತ ಬೋಯಾನ್ ಬಾಯಿ ತೆಗೆದ. ಯಾಕೋ ಬೇಡ ಅನ್ನಿಸ್ತು. ಗಂಜಿ ಕುಡಿದ. ಉಪ್ಪು ಸರಿಯಾಗಿತ್ತು.

ನೀತಿ: ಹೊಗಳಿಕೆನ ಎಷ್ಟೇ ದೊಡ್ಡದಾಗಿ ಕೆತ್ತಿದ್ರೂ ಜನ ಓದಿ ಮುಂದೆ ಹೋಗ್ತಾರೆ. ಕಷ್ಟಕ್ಕೆ ಆಗಿದ್ದನ್ನ ಮಾತ್ರ ಮನೆಗೆ ಒಯ್ತಾರೆ. ಹೆಸರು ಉಳಿಯೋದು ಅದರ ಜೊತೆಗೇ.