ಹೊಳೆಯಿಲ್ಲದ ದೋಣಿ

“ಅಜ್ಜಾರೆ, ನನ್ನನ್ನು ಅಡುಗೆಮನೆಯಿಂದ ಬಿಡಿಸುತ್ತೀರಾ?”

ಕೇಳಿದವನು ಮಡಿವಾಳಯ್ಯ, ಮಠದ ಶಿಷ್ಯ. ದಾಸೋಹದ ಅಡುಗೆ ಅವನ ಪಾಲಿನ ಕೆಲಸ. ಸೌಟು ಹಿಡಿದೇ ಬಂದಿದ್ದ.

“ಯಾಕೆ?” ಎಂದರು ಗುರುಗಳು.

ಅವನು ಸೌಟನ್ನು ಪಕ್ಕಕ್ಕಿಟ್ಟು ಕೂತ. “ಬೆಳಿಗ್ಗೆ ಧ್ಯಾನಕ್ಕೆ ಕೂತಾಗ ಮನಸ್ಸು ತಿಳಿನೀರಿನ ಹಾಗಿರುತ್ತದೆ. ಅಡುಗೆಮನೆಗೆ ಕಾಲಿಟ್ಟರೆ ಸಾಕು, ಕದಡಿಹೋಗುತ್ತದೆ. ಒಬ್ಬರಿಗೆ ಉಪ್ಪು ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ನಾನೂ ರೇಗುತ್ತೇನೆ. ಕೋಣೆಯಲ್ಲೇ ಕೂತುಬಿಟ್ಟರೆ ಆ ತಿಳಿ ಉಳಿಯುತ್ತದೆ ಅನ್ನಿಸುತ್ತದೆ. ತಾವು ಹೂಂ ಅನ್ನಬೇಕು.”

ಗುರುಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕತೆ ಹೇಳಿದರು.

ಹಿಂದೆ ಚೀನಾ ದೇಶದಲ್ಲಿ ಒಬ್ಬ ಪಂಡಿತನಿದ್ದ. ಅವನಿಗೊಬ್ಬ ಗೆಳೆಯ, ಅವನೂ ಪಂಡಿತ. ಇಬ್ಬರೂ ಸೇರಿ ತಮ್ಮೂರ ಹೊಳೆಯ ಮೇಲೆ ಒಂದು ಹಾಡು ಕಟ್ಟುತ್ತಿದ್ದರು. ಒಂದು ಸಾಲು ಇವನದು, ಒಂದು ಸಾಲು ಅವನದು. ಹಾಡು ಅರ್ಧವಾಗಿತ್ತು. ಆಗ ಗೆಳೆಯನಿಗೆ ದೂರದ ಸೀಮೆಯಲ್ಲಿ ಅಧಿಕಾರ ಸಿಕ್ಕಿತು.

ಹೊರಡುವಾಗ ಗೆಳೆಯ ಹೇಳಿದ, “ಉಳಿದದ್ದನ್ನು ನೀನೇ ಬರೆ. ನಾನು ತಿರುಗಿ ಬಂದ ದಿನ ಪೂರ್ತಿ ಹಾಡು ಕೇಳಬೇಕು.” ಪಂಡಿತ ಮಾತು ಕೊಟ್ಟ. ಗೆಳೆಯ ಅವನ ಕೈಗೆ ಒಂದು ಪಿಂಗಾಣಿ ಬೋಗುಣಿ ಕೊಟ್ಟ.

ಆ ದೇಶದಲ್ಲಿ ಕುಂಚದಿಂದ ಬರೆಯುತ್ತಾರೆ. ಕಲ್ಲಿನ ಮೇಲೆ ಮಸಿ ತೇಯುತ್ತಾರೆ. ಕುಂಚ ತೊಳೆಯಲು ಮೇಜಿನ ಮೇಲೊಂದು ಬೋಗುಣಿ ಇಟ್ಟುಕೊಳ್ಳುತ್ತಾರೆ. ಇದು ಅಂಥ ಬೋಗುಣಿ. ಒಳಮೈಯೆಲ್ಲ ಚಿತ್ರ. ಅಂಚಿನ ಸುತ್ತ ಬೆಟ್ಟ, ಬೆಟ್ಟದ ಬುಡದಲ್ಲಿ ಮರ. ತಳದಲ್ಲಿ ಒಂದು ದೋಣಿ. ದೋಣಿಯಲ್ಲಿ ಗೊರಬು ಹೊದ್ದ ಮುದುಕ, ಮಳೆಗೆ ಹೊದೆಯುವ ಗೊರಬು.

ಪಂಡಿತ ಬೋಗುಣಿಗೆ ಮರುಳಾದ. ಇದರಲ್ಲಿ ಮಸಿಯ ಕುಂಚ ಅದ್ದುವುದುಂಟೇ ಎಂದುಕೊಂಡ. ಕುಂಚ ತೊಳೆಯಲು ಬಾವಿಕಟ್ಟೆಗೆ ಹೋಗತೊಡಗಿದ. ಹೋಗಿ ಬರುವಷ್ಟರಲ್ಲಿ ಮನಸ್ಸಿಗೆ ಬಂದ ಸಾಲು ಮರೆತಿರುತ್ತಿತ್ತು. ಮಸಿ ಸಿಡಿದೀತೆಂದು ಮಸಿಕಲ್ಲನ್ನು ಪಕ್ಕದ ಕೋಣೆಗೆ ಸಾಗಿಸಿದ. ಆಮೇಲೆ ಕಾಗದವನ್ನೂ. ಮೇಜಿನ ಮೇಲೆ ಬೋಗುಣಿಯೊಂದೇ ಉಳಿಯಿತು. ದಿನಾ ರೇಷ್ಮೆ ಬಟ್ಟೆಯಿಂದ ಒರೆಸುತ್ತಿದ್ದ. ಬಂದವರಿಗೆ ದೂರದಿಂದ ತೋರಿಸುತ್ತಿದ್ದ.

“ಹಾಡು ಎಲ್ಲಿಗೆ ಬಂತು?” ಎಂದಳು ಹೆಂಡತಿ.

“ಬರೆಯಬೇಕು.”

“ಆ ಬೋಗುಣಿಯನ್ನು ನನಗೆ ಕೊಡಿ, ಉಪ್ಪಿನಕಾಯಿ ಹಾಕಿಡುತ್ತೇನೆ. ಯಾವುದಾದರೂ ಕೆಲಸಕ್ಕೆ ಬರಲಿ.”

ಪಂಡಿತ ಅವಳ ಜೊತೆ ಮಾತು ಬಿಟ್ಟ. ಹಸಿವಾದಾಗ ಮತ್ತೆ ಆಡಿದ.

ಅವನಿಗಿದ್ದದ್ದು ಒಂದೇ ಕೊರಗು. ದೋಣಿಯಿದೆ, ಹೊಳೆಯಿಲ್ಲ. ತಳವೆಲ್ಲ ಬರೀ ಬಿಳುಪು. ಗೊರಬಿದೆ, ಬೆಟ್ಟದ ಮೇಲೆ ತುಣುಕು ಮೋಡವೂ ಇಲ್ಲ. ಇಷ್ಟು ಚೆನ್ನಾಗಿ ಬರೆದ ಚಿತ್ರಕಾರ ಇದನ್ನು ಮರೆತನಲ್ಲ ಎಂದು ನೊಂದುಕೊಳ್ಳುತ್ತಿದ್ದ.

ವರ್ಷಗಳು ಕಳೆದವು. ಗೆಳೆಯ ಬಂದ. ತಲೆ ನರೆತಿತ್ತು. ಕೂರುವ ಮೊದಲೇ, “ಹಾಡು ಹೇಳು” ಎಂದ.

ಪಂಡಿತನ ಮುಖ ಸಣ್ಣದಾಯಿತು. ಹಾಡಿನ ಬದಲು ಬೋಗುಣಿಯನ್ನು ಮುಂದಿಟ್ಟ. “ನೋಡು, ನೀನು ಕೊಟ್ಟ ಹಾಗೆಯೇ ಇದೆ. ಒಂದು ಕಲೆಯೂ ಆಗಿಲ್ಲ.”

“ಅದು ಕಾಣುತ್ತಿದೆ.”

“ಆದರೆ ಚಿತ್ರಕಾರ ಹೊಳೆಯನ್ನು ಮರೆತಿದ್ದಾನೆ. ಈ ಮುದುಕ ನೋಡು, ಬಿಸಿಲಲ್ಲಿ ಗೊರಬು ಹೊದ್ದು ಕೂತಿದ್ದಾನೆ.”

ಗೆಳೆಯ ಅವನ ಮುಖ ನೋಡಿದ. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ನಗತೊಡಗಿದ. ಪಕ್ಕೆ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಂಡು ಒಳಗೆ ಕೂಗಿದ, “ತಂಗೀ, ಒಂದು ತಂಬಿಗೆ ನೀರು ತಾ.”

ನೀರನ್ನು ಬೋಗುಣಿಗೆ ಹೊಯ್ದ. ನೀರು ಬೆಟ್ಟದ ನಡುವಿನ ತನಕ ಏರಿತು. ಬಿಳಿ ತಳ ಹೊಳೆಯಾಯಿತು. ನೀರು ಅಲುಗಿತು, ದೋಣಿಯೂ ಅಲುಗಿತು.

ಪಂಡಿತ ಬಾಯಿ ತೆರೆದು ನೋಡುತ್ತಿದ್ದ. ಅಷ್ಟರಲ್ಲಿ ಗೆಳೆಯ ಪಕ್ಕದ ಕೋಣೆಗೆ ಹೋಗಿ ಮಸಿ ತೇದು, ಕುಂಚ ಅದ್ದಿಕೊಂಡು ಬಂದ.

ಪಂಡಿತ ಅವನ ಕೈ ಹಿಡಿದ. “ಬೇಡ, ಮಾರಾಯ.”

ಗೆಳೆಯ ಕುಂಚವನ್ನು ನೀರಿನಲ್ಲಿ ಅದ್ದಿದ.

ಮಸಿ ಮೆಲ್ಲಗೆ ಬಿಚ್ಚಿಕೊಂಡಿತು. ಬೆಟ್ಟದ ಸುತ್ತ ಮೋಡವಾಗಿ ಕಟ್ಟಿತು. ಮರಗಳ ಮೇಲೆ ಇಳಿಯಿತು. ಎಳೆ ಎಳೆಯಾಗಿ ದೋಣಿಯ ಮೇಲೆ ಸುರಿಯಿತು. ಮುದುಕನ ಗೊರಬಿಗೆ ಕೊನೆಗೂ ಮಳೆ ಬಂತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಪಾಪ, ಆ ಅಜ್ಜನನ್ನು ಇಷ್ಟು ವರ್ಷ ಬಿಸಿಲಿಗೆ ಹಾಕಿದ್ದಿರಲ್ಲ” ಎಂದಳು.

ಪಂಡಿತನಿಗೂ ನಗು ಬಂತು. ನಗುತ್ತಲೇ ಗೆಳೆಯನ ಕೈಯಿಂದ ಕುಂಚ ಕಿತ್ತುಕೊಂಡ. ಕಾಗದ ತಂದ. ಹಾಡು ನಿಂತಿದ್ದ ಕಡೆಯಿಂದ ಒಂದು ಸಾಲು ಬರೆದ. ಕುಂಚ ತೊಳೆದ, ಮಳೆ ಬಂತು. ಗೆಳೆಯ ಒಂದು ಸಾಲು ಬರೆದು ಕುಂಚ ತೊಳೆದ, ಮತ್ತೆ ಮಳೆ. ನೀರು ಕಪ್ಪಾದಾಗ ಹೆಂಡತಿ ಚೆಲ್ಲಿ ಹೊಸ ನೀರು ಹೊಯ್ದಳು. ಬೆಟ್ಟ ತೊಳೆದ ಹಾಗೆ ಕಂಡಿತು. ದೀಪ ಹಚ್ಚುವ ಹೊತ್ತಿಗೆ ಹಾಡು ಮುಗಿಯಿತು. ಮೂವರೂ ಕೂತು ಹಾಡಿದರು. ಗೆಳೆಯನಿಗೆ ರಾಗ ಬರುತ್ತಿರಲಿಲ್ಲ. ಅವನದೇ ದೊಡ್ಡ ಗಂಟಲು.

ಗುರುಗಳು ಕತೆ ನಿಲ್ಲಿಸಿದರು.

ಮಡಿವಾಳಯ್ಯ ನಗುತ್ತಿದ್ದ. ಆಮೇಲೆ ಏನೋ ಹೊಳೆದು ಕೇಳಿದ, “ಅಷ್ಟು ಮಸಿ ಬಿದ್ದರೆ ಬೋಗುಣಿಗೆ ಕಲೆ ಆಗಲಿಲ್ಲವೇ, ಅಜ್ಜಾರೆ?”

ಗುರುಗಳು ಬಾಗಿಲ ಕಡೆ ಕೈ ತೋರಿಸಿದರು.

“ಹೊರಗೆ ಪಂಕ್ತಿ ಕೂತಿದೆ, ಹಸಿದವರಿಗೆ ನಿನ್ನ ತಿಳಿಮನಸ್ಸು ಬಡಿಸುತ್ತೀಯೋ, ಸಾರು ಬಡಿಸುತ್ತೀಯೋ?”

ಮಡಿವಾಳಯ್ಯ ಸೌಟು ಎತ್ತಿಕೊಂಡ.