ತಟ್ಟೆಯಲ್ಲಿ ಉಳಿದ ಸಾರು

"ಹತ್ತೊಂಬತ್ತು ವರ್ಷ ಒಂದೇ ಒಂದು ಭಾನುವಾರ ತಪ್ಪಿಸದೆ ದುಡಿದವನನ್ನು ದೇವರು ನಂಬಿಗಸ್ತ ಅನ್ನುವುದಿಲ್ಲವೇ, ಅಯ್ಯನವರೇ? ನನ್ನನ್ನು ಅನ್ನದಿದ್ದರೆ ಇನ್ನು ಯಾರನ್ನು ಅನ್ನುತ್ತಾನೆ?"

ಕ್ರೈಸ್ತ ಸಭೆಯ ಉಪದೇಶಿ ನೆಹೆಮೀಯ ಹೊಸ್ತಿಲು ದಾಟುವ ಮೊದಲೇ ಕೇಳಿದ ಪ್ರಶ್ನೆ ಇದು. ವಂದನೆ ಹೇಳುವುದನ್ನೂ ಮರೆತಿದ್ದ. ಬೆನ್ಯಾಮೀನ ಅಯ್ಯನವರು ನಿವೃತ್ತ ಸಭಾಪಾಲಕರು. ನೆಹೆಮೀಯನಿಗೆ ಸತ್ಯವೇದ ಕಲಿಸಿ, ತಲೆಯ ಮೇಲೆ ಕೈಯಿಟ್ಟು ಸೇವೆಗೆ ಕಳಿಸಿದವರು ಅವರೇ. ಅವರು ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ನೆಲಕ್ಕಿಟ್ಟರು.

"ಬಾ, ಕೂತುಕೋ."

"ಕೂರಲಿಕ್ಕೆ ಬಂದಿಲ್ಲ. ಸಂಜೆ ಎರಡು ಮನೆಯಲ್ಲಿ ಪ್ರಾರ್ಥನೆ ಇದೆ." ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದ. "ಇದು ನನ್ನ ರಾಜೀನಾಮೆ. ನೀವೇ ಸಭೆಯ ಕಮಿಟಿಗೆ ಕೊಡಿ. ನೀವು ಕಳಿಸಿದಿರಿ, ನೀವೇ ಬಿಡಿಸಿ."

ಆಮೇಲೆ ಅವನ ಮಾತಿಗೆ ತಡೆಯಿರಲಿಲ್ಲ. ಏಳು ಮನೆಯ ಸಭೆಯನ್ನು ಅರವತ್ತು ಮನೆಗೆ ಬೆಳೆಸಿದವನು ಅವನು. ಹೊಸ ದೇವಾಲಯದ ಕಲ್ಲನ್ನು ಹೆಗಲ ಮೇಲೆ ಹೊತ್ತವನು ಅವನು. ಈಗ ಅದರ ಪ್ರತಿಷ್ಠೆಗೆ ಎಂಟು ದಿನ ಇರುವಾಗ ಕಮಿಟಿಯವರು ಸಭೆಯನ್ನು ಹೊಸ ಉಪದೇಶಿ ತೀತನ ಕೈಗೆ ಒಪ್ಪಿಸಿದ್ದರು.

"ತೀತ! ಬಂದು ಎರಡು ವರ್ಷ ಆಗಿಲ್ಲ. ಪ್ರಸಂಗಕ್ಕೆ ನಿಂತರೆ ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಬೆಳಿಗ್ಗೆ ಹುಡುಕಿಕೊಂಡು ಹೋದರೆ ಎಲ್ಲೋ ಮೂಲೆಯಲ್ಲಿ ಮೊಣಕಾಲೂರಿ ಸುಮ್ಮನೆ ಇರುತ್ತಾನೆ. ಸೋಮಾರಿ! ನಾನು ಅಷ್ಟು ಹೊತ್ತಿಗೆ ನಾಲ್ಕು ಮನೆ ಸುತ್ತಿ ಬಂದಿರುತ್ತೇನೆ. ಸತ್ಯವೇದ ತೆರೆದರೆ ಪ್ರಸಂಗಕ್ಕೆಂದೇ ತೆರೆದೆ, ಅಯ್ಯನವರೇ. ಒಂದು ವಚನವನ್ನೂ ನನಗೆಂದು ಇಟ್ಟುಕೊಳ್ಳಲಿಲ್ಲ. ಎಲ್ಲವನ್ನೂ ಜನರಿಗೇ ಬಡಿಸಿದೆ."

"ಕೂತುಕೋ, ನೆಹೆಮೀಯ."

"ಮೊದಲು ಉತ್ತರ ಹೇಳಿ."

ಅಯ್ಯನವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಒಬ್ಬ ವರ್ತಕನಿದ್ದ," ಎಂದರು. "ಅವನ ಮನೆಯಲ್ಲಿ ಒಬ್ಬ ಅಡುಗೆಯವನಿದ್ದ. ಒಂದು ದಿನವೂ ರಜೆ ಕೇಳಿದವನಲ್ಲ. ವರ್ತಕನ ಮನೆಗೆ ಬಂದು ಉಂಡವರೆಲ್ಲ ಅವನ ಸಾರನ್ನು ಹೊಗಳಿ ಹೋಗುತ್ತಿದ್ದರು. ಹೊಗಳಿದಷ್ಟೂ ಅವನು ಒಂದು ಹಿಡಿ ಮೆಣಸಿನಕಾಯಿ ಹೆಚ್ಚು ಹಾಕುತ್ತಿದ್ದ.

"ವರ್ತಕ ದಿನವೂ ಉಣ್ಣಲು ಕೂತಾಗ ಅವನನ್ನು ಕರೆಯುತ್ತಿದ್ದ. 'ನಿನ್ನ ತಟ್ಟೆಯನ್ನೂ ತಾರಪ್ಪ, ಜೊತೆಗೆ ಉಣ್ಣೋಣ.' ಅಡುಗೆಯವನು, 'ಒಲೆ ಉರಿಯುತ್ತಿದೆ ಧಣಿ, ನೀವು ಉಣ್ಣಿ' ಎಂದು ತಟ್ಟೆ ಇಟ್ಟು ಓಡುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆಯಿತು.

"ಆ ಮನೆಗೆ ಪಾತ್ರೆ ತೊಳೆಯಲು ಒಬ್ಬ ಮುದುಕಿ ಬಂದಳು. ಧಣಿಯ ತಟ್ಟೆ ತೊಳೆಯುವಾಗ ನೋಡಿದಳು. ಅನ್ನ ಮಜ್ಜಿಗೆ ಖಾಲಿ, ಸಾರು ಹಾಗೇ ಇದೆ. ಮರುದಿನವೂ ಹಾಗೇ. ಮೂರನೆಯ ದಿನ ನಡುಮನೆಗೆ ಹೋಗಿ, ಧಣಿಯ ಎದುರು ನೆಲದ ಮೇಲೆ ಕೂತು, 'ಯಾಕಪ್ಪ, ಹೊಟ್ಟೆಗೇನಾಗಿದೆ?' ಎಂದು ಕೇಳಿದಳು. ವರ್ತಕನಿಗೆ ಹೊಟ್ಟೆಯಲ್ಲಿ ಹುಣ್ಣು. ಖಾರ ಮುಟ್ಟುವ ಹಾಗಿರಲಿಲ್ಲ. ಅವಳು ಒಂದು ಬಟ್ಟಲು ಸಪ್ಪೆ ಗಂಜಿ ಕಾಯಿಸಿ ತಂದಳು. ಅವನು ಅದನ್ನು ಪೂರ್ತಿ ಕುಡಿದು, ಅಡುಗೆಮನೆಯ ಬೀಗದ ಕೈಯನ್ನು ಅವಳಿಗೆ ಕೊಟ್ಟ.

"ಅಡುಗೆಯವನು ಸೌಟು ಹಿಡಿದುಕೊಂಡೇ ನಡುಮನೆಗೆ ನುಗ್ಗಿದ. 'ಇಪ್ಪತ್ತು ವರ್ಷ ಹೊಗೆ ಕುಡಿದವನು ನಾನು! ಮೊನ್ನೆ ಬಂದವಳಿಗೆ ಬೀಗದ ಕೈಯಾ? ಸಪ್ಪೆ ಗಂಜಿಗಾ?' ವರ್ತಕ ಹೇಳಿದ: 'ನೀನು ಮಾಡಿದ ಸಾರನ್ನು ನಾನು ಇಪ್ಪತ್ತು ವರ್ಷದಿಂದ ಉಂಡಿಲ್ಲ.'"

ನೆಹೆಮೀಯನಿಗೆ ಮೈಯೆಲ್ಲ ಉರಿಯಿತು. ಇದು ಯಾವ ನ್ಯಾಯ? ಒಬ್ಬ ಮನುಷ್ಯನನ್ನು ಇಪ್ಪತ್ತು ವರ್ಷ ಒಲೆಯ ಮುಂದೆ ಬೇಯಿಸಿ, ಕೊನೆಗೆ ಇಂಥ ಮಾತಾಡುವುದೇ?

"ಎಂಥ ಧಣಿ ಅವನು!" ಎಂದು ಕೂಗಿದ. "ಬಾಯಿ ಇರಲಿಲ್ಲವೇ? ಮೊದಲ ದಿನವೇ ಹೇಳಬಹುದಿತ್ತಲ್ಲ!"

"ಅಡುಗೆಯವನೂ ಹಾಗೇ ಕೂಗಿದ," ಎಂದರು ಅಯ್ಯನವರು. ಈಗ ಅವರ ದನಿಯೂ ಗಡುಸಾಗಿತ್ತು. "ವರ್ತಕನಿಗೂ ಸಿಟ್ಟು ಬಂತು. ಇಪ್ಪತ್ತು ವರ್ಷದ ಸಿಟ್ಟು. 'ಹೇಳಲಿಕ್ಕೇ ಅಲ್ಲವೇನೋ ದಿನವೂ ಕರೆದದ್ದು? ಒಲೆಯ ಹತ್ತಿರ ಬಂದು ಕೂಗಿ ಹೇಳಿದ್ದರೆ ನೀನು ಸಾರು ಬದಲಿಸುತ್ತಿದ್ದೆ. ಆದರೆ ಕೂರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಸಾರು ಎಂದು ನಿನಗೆ ಯಾರು ಹೇಳಿದರು?' ಎಂದ."

ಲಕೋಟೆ ನೆಹೆಮೀಯನ ಕೈಯಲ್ಲೇ ಇತ್ತು. ಬೆವರಿಗೆ ಅದರ ಅಂಚು ಮೆತ್ತಗಾಗಿತ್ತು.

"ಕೂತುಕೋ," ಎಂದರು ಅಯ್ಯನವರು.

"ಕತೆ ಕೇಳಿದೆ ಅಯ್ಯನವರೇ. ಆ ಅಡುಗೆಯವನು ಉಂಡವರ ಹೊಗಳಿಕೆಗೆ ದುಡಿದ. ನಾನು ದೇವರಿಗೆಂದೇ ದುಡಿದೆ. ನಾನು ಅವನ ಹಾಗಲ್ಲ. ದೇವರು ನನ್ನನ್ನು ಒಂದು ಸಲ, ಒಂದೇ ಒಂದು ಸಲ, ಹತ್ತಿರ ಕರೆದಿದ್ದರೆ ನಾನು ಬರುವುದಿಲ್ಲ ಅನ್ನುತ್ತಿದ್ದೆನೇ?"

ಅಯ್ಯನವರು ಎದುರಿನ ಖಾಲಿ ಕುರ್ಚಿಯನ್ನು ನೋಡಿದರು.

"ನೀನು ಬಂದಾಗಿನಿಂದ ನಾನು ಎಷ್ಟು ಸಲ ಕೂತುಕೋ ಅಂದೆ, ನೆಹೆಮೀಯ?"

ನೆಹೆಮೀಯನಿಗೆ ನೆನಪಾಗಲಿಲ್ಲ.